ಕ್ಯಾಲೊರಿ ಕಡಿಮೆ ಇರಬೇಕು, ಹೊಟ್ಟೆಯೂ ತುಂಬಬೇಕು: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೊಡಗಿನ ನಾಪೋಕ್ಲಿನಿಂದ, ಪ್ರಶ್ನೆ ಕೇಳುತ್ತಿರುವವರು

ನನಗೆ 44 ವರ್ಷ. ಸಹಕಾರ ಸಂಘವೊಂದರ ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ. ಮಂಡಿ ನೋವಿಗೆಂದು ಹೋದಾಗ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಸಕ್ಕರೆಯ ಪ್ರಮಾಣ ಗಡಿಯಲ್ಲಿದೆ, ಮಾತ್ರೆ ಸದ್ಯಕ್ಕೆ ಬೇಡ ಎಂದು ಹೇಳಿ ದಿನಕ್ಕೆ 1,400 ಕ್ಯಾಲೊರಿಯ ಆಹಾರಕ್ರಮವನ್ನು ಬರೆದುಕೊಟ್ಟರು. ಲೆಕ್ಕವನ್ನು ನಾನು ಮೀರುತ್ತಿಲ್ಲ, ತೂಕವೂ ನಿಧಾನವಾಗಿ ಇಳಿಯುತ್ತಿದೆ. ತಡೆಯಲಾಗದಿರುವುದು ಹಸಿವನ್ನು ಮಾತ್ರ. ಬೆಳಗ್ಗೆ ಹನ್ನೊಂದಕ್ಕೆ ಒಮ್ಮೆ, ಸಂಜೆ ಮಳೆ ಸುರಿಯುವ ಹೊತ್ತಿಗೆ ಇನ್ನೊಮ್ಮೆ, ರಾತ್ರಿ ಎರಡು ಗಂಟೆಗೆ ಹಸಿವಿನಿಂದಲೇ ಎಚ್ಚರವಾಗುತ್ತದೆ. ನಮ್ಮದು ಎಂಟು ಜನರ ಮನೆ. ಅತ್ತೆಯವರ ಅಡುಗೆಯೇ ಎಲ್ಲರಿಗೂ. ನನ್ನೊಬ್ಬಳಿಗಾಗಿ ಬೇರೆ ಪಾತ್ರೆ ಇಡಲು ಸಾಧ್ಯವಿಲ್ಲ. ತೂಕ ಇಳಿಸುವುದು ಹೇಗೆಂದು ನಾನು ಕೇಳುತ್ತಿಲ್ಲ. ಇಷ್ಟೇ ಕ್ಯಾಲೊರಿಯಲ್ಲಿ ಊಟ ಮುಗಿಸಿ ಏಳುವಾಗ ಹೊಟ್ಟೆ ತುಂಬಿದೆ ಎನ್ನಿಸಬೇಕು, ಮುಂದಿನ ಊಟದವರೆಗೆ ಅದು ಉಳಿಯಬೇಕು. ಸಾಧಿಸಿದವರು ದಯವಿಟ್ಟು ತಿಳಿಸಿ.

ಸೋಮವಾರಪೇಟೆಯ ನಿವೃತ್ತ ಶಿಕ್ಷಕಿ

ಸಹೋದರಿ, ನಾನು 1,300 ಕ್ಯಾಲೊರಿಯಲ್ಲಿದ್ದೇನೆ ಮತ್ತು ಹಸಿದು ಮಲಗುವುದಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಆರಂಭದಲ್ಲಿ ನನ್ನ ಮನೆಯವರೇ ನಂಬಿರಲಿಲ್ಲ. ನನ್ನ ದಾರಿ ಒಂದೇ: ಊಟಕ್ಕೆ ಮೊದಲು ದೊಡ್ಡ ಬಟ್ಟಲಿನ ತುಂಬ ಬಿಸಿ ಸೊಪ್ಪುಸಾರು ಅಥವಾ ತರಕಾರಿಯ ಸೂಪು, ಅನಂತರವೇ ಅನ್ನ. ನೀರನ್ನು ಲೋಟದಲ್ಲಿ ಕುಡಿಯುವುದಕ್ಕೂ ಅಡುಗೆಯೊಳಗೆ ಸೇರಿಸಿ ತಿನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1999ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದೇ ಪದಾರ್ಥಗಳ ಕೋಳಿ ಮತ್ತು ಅನ್ನದ ಅಡುಗೆಯನ್ನು ಹಾಗೆಯೇ ಕೊಟ್ಟಾಗ, ಪಕ್ಕದಲ್ಲಿ ನೀರಿನ ಲೋಟದೊಂದಿಗೆ ಕೊಟ್ಟಾಗ, ಅದೇ ನೀರನ್ನು ಒಳಗೆ ಬೆರೆಸಿ ಸೂಪು ಮಾಡಿ ಕೊಟ್ಟಾಗ ಮಹಿಳೆಯರು ಅನಂತರದ ಊಟದಲ್ಲಿ ಎಷ್ಟು ತಿಂದರೆಂದು ನೋಡಿದಾಗ, ಸೂಪು ಕುಡಿದ ದಿನವೇ ಕಡಿಮೆ ತಿಂದಿದ್ದರು. ಪಕ್ಕದ ಲೋಟದ ನೀರಿನಿಂದ ಆ ಪ್ರಯೋಜನ ಕಾಣಲಿಲ್ಲ.

ಖರ್ಚನ್ನೂ ಹೇಳುತ್ತೇನೆ, ಏಕೆಂದರೆ ತರಕಾರಿ ಅಗ್ಗ ಎಂದು ಎಲ್ಲರೂ ಬಾಯಿಮಾತಿಗೆ ಹೇಳುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಮತ್ತು ಸೊಪ್ಪು ಹೇಳಿದೆ. ನಾವಿಬ್ಬರೇ ಇರುವ ಮನೆಗೆ ಅಷ್ಟನ್ನು ತರಲು ಬೇಸಿಗೆಯಲ್ಲಿ ವಾರದ ಸಂತೆಗೆ 350 ರೂಪಾಯಿ ಸಾಕಾಗುತ್ತಿತ್ತು. ಆಷಾಢದಲ್ಲಿ ಅದೇ ಚೀಲಕ್ಕೆ 640 ರೂಪಾಯಿ ತೆತ್ತಿದ್ದೇನೆ. ಹುರುಳಿಕಾಯಿ ಕಿಲೋಗೆ 90, ಕ್ಯಾರೆಟ್ 80, ಸೊಪ್ಪಿನ ಕಟ್ಟು ಮಳೆಯಲ್ಲಿ ಕೊಳೆತು ಅರ್ಧ ಎಸೆಯಬೇಕಾದರೂ 25. ವಾರಕ್ಕಾಗುವಷ್ಟು ಸೂಪನ್ನು ಒಟ್ಟಿಗೆ ಮಾಡಿ ಫ್ರಿಜ್ಜಿನಲ್ಲಿಡಿ ಎಂದು ವಿಡಿಯೋಗಳಲ್ಲಿ ಹೇಳುವವರು ಕೊಡಗಿನ ಮಳೆಗಾಲವನ್ನು ನೋಡಿಲ್ಲ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು. ಎರಡು ಪಾತ್ರೆ ಸೂಪನ್ನು ಹಾಗೆಯೇ ಚೆಲ್ಲಬೇಕಾಯಿತು. ಅಂದಿನಿಂದ ದಿನವೂ ಮುಂಜಾನೆ ಮಾಡುತ್ತೇನೆ. ಅನ್ನದ ಬದಲು ರಾಗಿ ಮುದ್ದೆಯನ್ನೇ ಉಣ್ಣುತ್ತೇನೆ. ರಾಗಿ ಹೊಟ್ಟೆಯಲ್ಲಿ ನಿಲ್ಲುತ್ತದೆ, ಅಕ್ಕಿ ನಿಲ್ಲುವುದಿಲ್ಲ.

ವಿರಾಜಪೇಟೆ ಬಳಿಯ ಕಾಫಿ ಬೆಳೆಗಾರ

ಟೀಚರ್ ಅವರಿಗೆ ಗೌರವವಿಟ್ಟೇ ಹೇಳುತ್ತೇನೆ, ಈ ಸೂಪಿನ ಮಾತು ಅರ್ಧ ಸತ್ಯ. ಹೊಟ್ಟೆ ಉಬ್ಬಿದಾಗ ತುಂಬಿದಂತಾಗುವುದು ನಿಜ, ಆದರೆ ಒಂದೂವರೆ ಗಂಟೆಯಲ್ಲಿ ಮೂತ್ರಕ್ಕೆ ಹೋಗಿ ಬಂದರೆ ಹಸಿವು ಮತ್ತೆ ಬಾಗಿಲಲ್ಲಿರುತ್ತದೆ. ನಾನು ತೋಟದಲ್ಲಿ ಗುಡ್ಡ ಹತ್ತಿ ಇಳಿಯುವವನು, ಕುಳಿತು ಪುಸ್ತಕ ಓದುವವನಲ್ಲ. ನನ್ನನ್ನು ಉಳಿಸಿದ್ದು ಪ್ರೊಟೀನ್. ಬೆಳಗ್ಗೆ ಎರಡು ಅಕ್ಕಿಒತ್ತಿಯ (ಅಕ್ಕಿ ರೊಟ್ಟಿ) ಜಾಗದಲ್ಲಿ ಒಂದು ಒತ್ತಿ ಮತ್ತು ಮೂರು ಬೇಯಿಸಿದ ಮೊಟ್ಟೆ; ಮೊಟ್ಟೆಯೊಂದಕ್ಕೆ ಸುಮಾರು 75 ಕ್ಯಾಲೊರಿ, 6 ಗ್ರಾಂ ಪ್ರೊಟೀನ್. ಮಧ್ಯಾಹ್ನ ಒಂದೂವರೆಯವರೆಗೆ ಊಟದ ನೆನಪೇ ಬರುವುದಿಲ್ಲ.

ಪಂದಿಕರಿಯನ್ನೂ (ಹಂದಿಮಾಂಸದ ಕರಿ) ನಾನು ಬಿಟ್ಟಿಲ್ಲ, ಬಿಡಿ ಎಂದವರ ಮಾತನ್ನು ಕೇಳಿಯೂ ಇಲ್ಲ. ನೆಣವಿಲ್ಲದ ಮಾಂಸದಲ್ಲಿ 100 ಗ್ರಾಮಿಗೆ 140ರ ಆಸುಪಾಸು ಕ್ಯಾಲೊರಿ ಮತ್ತು 21 ಗ್ರಾಂ ಪ್ರೊಟೀನ್ ಇರುತ್ತದೆ. ಅದೇ ಹಂದಿಯ ಹೊಟ್ಟೆಯ ಭಾಗದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ, ಪ್ರೊಟೀನ್ ಕೇವಲ 9 ಗ್ರಾಂ. ಹೆಸರು ಒಂದೇ, ತಟ್ಟೆಯಲ್ಲಿ ಕಾಣುವ ಪ್ರಮಾಣವೂ ಒಂದೇ. ಮಾಂಸದಂಗಡಿಯಲ್ಲಿ ನೆಣ ತೆಗೆದುಕೊಡಿ ಎಂದರೆ ಕಿಲೋಗೆ 60 ರೂಪಾಯಿ ಹೆಚ್ಚು ಕೇಳುತ್ತಾರೆ, ತೂಕ ಹಾಕಿದ ಮೇಲೆ ತೆಗೆಯುತ್ತಾರೆ. ಒಂದೂವರೆ ಕಿಲೋಗೆ ಹಣ ಕೊಟ್ಟು ಒಂದು ಕಿಲೋ ನೂರು ಗ್ರಾಂ ಮನೆಗೆ ತಂದಿದ್ದೇನೆ. ಕರಿಯನ್ನು ರಾತ್ರಿ ಮಾಡಿಟ್ಟರೆ ನಮ್ಮ ಮಳೆಗಾಲದ ಚಳಿಗೆ ಬೆಳಗಾಗುವಷ್ಟರಲ್ಲಿ ಮೇಲೆ ಬಿಳಿಯ ಕೊಬ್ಬಿನ ಪದರ ಹೆಪ್ಪುಗಟ್ಟಿರುತ್ತದೆ, ಅದನ್ನು ಚಮಚದಿಂದ ತೆಗೆಯಬೇಕು. ಈ ಕ್ರಮದಲ್ಲಿ ನನ್ನ ತೂಕ ಇಳಿದಿದೆ, ರಕ್ತದ ವರದಿಯೂ ಚೆನ್ನಾಗಿದೆ.

ರಾಗಿಯ ವಿಷಯದಲ್ಲಿ ಟೀಚರ್ ತಪ್ಪು ತಿಳಿದಿದ್ದಾರೆ. ರಾಗಿಯಲ್ಲಿ 100 ಗ್ರಾಮಿಗೆ 320 ಕ್ಯಾಲೊರಿ, ಅಕ್ಕಿಯಲ್ಲಿ 356. ಮುದ್ದೆ ನುಂಗಿದ ಮಾತ್ರಕ್ಕೆ ಕ್ಯಾಲೊರಿ ಕರಗುವುದಿಲ್ಲ.

ಸೋಮವಾರಪೇಟೆಯ ನಿವೃತ್ತ ಶಿಕ್ಷಕಿ

ಕ್ಯಾಲೊರಿ ಕಡಿಮೆಯೆಂದು ನಾನು ಎಲ್ಲಿಯೂ ಬರೆದಿಲ್ಲ, ಹೊಟ್ಟೆಯಲ್ಲಿ ನಿಲ್ಲುತ್ತದೆ ಎಂದು ಬರೆದಿದ್ದೇನೆ. ನೀವು ಕ್ಯಾಲೊರಿಯ ಅಂಕಿ ತೆಗೆದುಕೊಂಡ ಅದೇ ಪೋಷಕಾಂಶಗಳ ಪಟ್ಟಿಯಲ್ಲಿ ನಾರಿನಂಶದ ಸಾಲನ್ನೂ ನೋಡಿ: ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಪ್ರಶ್ನೆ ಕೇಳಿದವರು ಗುಡ್ಡ ಹತ್ತುವವರಲ್ಲ, ಕಚೇರಿಯಲ್ಲಿ ಕುಳಿತಿರುವವರು. ಇನ್ನು ಪುಸ್ತಕ ಓದುವವರು ಕುಳಿತೇ ಇರುತ್ತಾರೆ ಎಂಬ ಮಾತನ್ನು, ಮೂವತ್ತು ವರ್ಷಕ್ಕೂ ಮೇಲೆ ನಿಂತು ಪಾಠ ಮಾಡಿದ ನಾನು ಒಪ್ಪುವುದಿಲ್ಲ.

ಕುಶಾಲನಗರದ ಬಟ್ಟೆ ಅಂಗಡಿಯವರು

ಇಬ್ಬರೂ ಹೊಟ್ಟೆ ತುಂಬುವ ಮಾತನಾಡುತ್ತಿದ್ದೀರಿ. ಹೊಟ್ಟೆ ತುಂಬಿಸುತ್ತೇವೆಂದು ಹೇಳಿ ನನಗೆ ಮಾರಿದ ಪುಡಿಯ ಕಥೆಯನ್ನು ಕೇಳಿ. ಪರಿಚಯದವರೊಬ್ಬರ ಮೂಲಕ ಬಂದ ಪೊಟ್ಟಣ: ಬೆಳಗ್ಗೆ ಒಂದು, ರಾತ್ರಿ ಒಂದು ನೀರಿನಲ್ಲಿ ಕಲಸಿ ಕುಡಿಯಬೇಕು, ಮಧ್ಯಾಹ್ನ ಅಂಗೈಯಷ್ಟು ಊಟ. ಅದರಲ್ಲಿರುವ ನಾರು ಹೊಟ್ಟೆಯಲ್ಲಿ ಉಬ್ಬುತ್ತದೆ, ಹಸಿವೇ ಆಗುವುದಿಲ್ಲ ಎಂದರು, ಮತ್ತು ನಿಜವಾಗಿಯೂ ಆಗಲಿಲ್ಲ. ಒಟ್ಟು ಲೆಕ್ಕ ಹಾಕಿದರೆ ದಿನಕ್ಕೆ 700 ಕ್ಯಾಲೊರಿಯೂ ಬರುತ್ತಿರಲಿಲ್ಲ ಎಂಬುದನ್ನು ಮಾರಿದವರು ಬಾಯಿ ಬಿಟ್ಟು ಹೇಳಲಿಲ್ಲ. 800ಕ್ಕಿಂತ ಕೆಳಗಿನ ಆಹಾರಕ್ರಮವನ್ನು ವೈದ್ಯರ ನಿಗಾ ಇಲ್ಲದೆ ಮಾಡಬಾರದು ಎಂಬುದು ನನಗೆ ಆಸ್ಪತ್ರೆಯ ಹಾಸಿಗೆಯಲ್ಲಿ ತಿಳಿಯಿತು.

ಖರ್ಚಿನ ಚೀಟಿಗಳನ್ನೆಲ್ಲ ಇಟ್ಟುಕೊಂಡಿದ್ದೇನೆ. ಪುಡಿಗೆ ತಿಂಗಳಿಗೆ 9,400 ರೂಪಾಯಿ. ಅದನ್ನು ಕಲಸುವ ಬಾಟಲಿಗೆ ಬೇರೆ 450. ಸದಸ್ಯತ್ವ ಎಂದು 1,500, ಅದು ಹಿಂದಕ್ಕೆ ಬರುವುದಿಲ್ಲ. ತೂಕ ಬೇಗ ಇಳಿಯಿತು, ಎಲ್ಲರೂ ಹೊಗಳಿದರು. ಕೆಲವು ತಿಂಗಳಲ್ಲಿ ತಲೆಗೂದಲು ಹಿಡಿಹಿಡಿಯಾಗಿ ಉದುರತೊಡಗಿತು. ರಕ್ತಪರೀಕ್ಷೆಗೆ 2,650, ಚರ್ಮವೈದ್ಯರಿಗೆ 600. ಅದಾದ ಮೇಲೆ ಒಂದು ರಾತ್ರಿ ಬಲಪಕ್ಕೆಯಲ್ಲಿ ತಡೆಯಲಾಗದ ನೋವು. ಸ್ಕ್ಯಾನಿಂಗಿಗೆ 1,200. ಪಿತ್ತಕೋಶದ ತುಂಬ ಕಲ್ಲು. ತೂಕ ಅತಿ ವೇಗವಾಗಿ ಇಳಿದಾಗ, ಊಟದಲ್ಲಿ ಕೊಬ್ಬು ತೀರ ಕಡಿಮೆಯಾದಾಗ, ಪಿತ್ತಕೋಶ ಸರಿಯಾಗಿ ಖಾಲಿಯಾಗದೆ ಕಲ್ಲುಗಟ್ಟುತ್ತದೆಯೆಂದು ಶಸ್ತ್ರವೈದ್ಯರು ಚಿತ್ರ ಬರೆದು ವಿವರಿಸಿದರು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಗೆ 74,000, ಕಾರಿನ ಬಾಡಿಗೆ ಹೋಗಿ ಬರಲು 3,800, ಹೊಲಿಗೆ ತೋರಿಸಲು ಮತ್ತೆ 3,800, ಹಬ್ಬದ ವ್ಯಾಪಾರದ ಸಮಯದಲ್ಲಿ ಅಂಗಡಿ ಮುಚ್ಚಿದ್ದರ ನಷ್ಟ ಬೇರೆ. ಪುಡಿ ನಿಲ್ಲಿಸಿದ ಮೇಲೆ ತೂಕವೂ ಮರಳಿ ಬಂತು.

ಆದ್ದರಿಂದ ಹಸಿವಾಗದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಸಿವನ್ನು ಅಡಗಿಸುವುದು ಸುಲಭ. ಅಡಗಿದ ಮೇಲೆ ಏನು ತಿನ್ನುತ್ತಿಲ್ಲ ಎಂಬುದನ್ನು ಯಾರೂ ಕೇಳುವುದಿಲ್ಲ.

ಮಡಿಕೇರಿಯ ನಿವೃತ್ತ ಸುಬೇದಾರ್

ಮೇಲಿನ ಅಕ್ಕನವರ ನೋವು ಅರ್ಥವಾಗುತ್ತದೆ. ನಾನು ಸೇನೆಯಲ್ಲಿದ್ದಷ್ಟು ಕಾಲ ಓಡಿ ಅರಗಿಸಿದವನು, ನಿವೃತ್ತಿಯ ಬಳಿಕ ಓಟ ನಿಂತಿತು, ಊಟ ನಿಲ್ಲಲಿಲ್ಲ. ಶಿಸ್ತು ಇದ್ದರೆ ಹಸಿವನ್ನು ಗೆಲ್ಲಬಹುದೆಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ಆರಂಭಿಸಿ, ಮರುವರ್ಷ 24 ವಾರ ಕಾಲ ದಿನಕ್ಕೆ ಸುಮಾರು 1,570 ಕ್ಯಾಲೊರಿಯನ್ನಷ್ಟೇ ಕೊಟ್ಟರು. ಸ್ವಂತ ಇಚ್ಛೆಯಿಂದ ಬಂದ ಆ ಯುವಕರು ಹಗಲೂ ರಾತ್ರಿ ಊಟವನ್ನೇ ಧ್ಯಾನಿಸತೊಡಗಿದರು, ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿದರು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವ ನಾಪೋಕ್ಲಿನ ಅಕ್ಕನವರು ತಮ್ಮ ಮನಸ್ಸು ದುರ್ಬಲವೆಂದು ತಿಳಿಯಬಾರದು. ಹಸಿವು ಹೊಟ್ಟೆಯಲ್ಲಿ ಮಾತ್ರ ಇರುವುದಿಲ್ಲ. ತೂಕ ಇಳಿಸಿದವರ ರಕ್ತದಲ್ಲಿ ಹಸಿವನ್ನು ಹೆಚ್ಚಿಸುವ ಹಾರ್ಮೋನ್ ಒಂದು ವರ್ಷದ ಮೇಲೂ ಏರಿದಂತೆಯೇ ಇರುತ್ತದೆಂದು 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಪ್ರಕಟಿಸಿದ್ದಾರೆ.

ನಾನು ಮಧುಮೇಹ ತಜ್ಞರ ಸಲಹೆಯಂತೆ ಹಸಿವು ತಗ್ಗಿಸುವ ಟಿರ್ಜೆಪಟೈಡ್ ಎಂಬ ಔಷಧದ ಚುಚ್ಚುಮದ್ದನ್ನು ವಾರಕ್ಕೊಂದರಂತೆ ತೆಗೆದುಕೊಂಡೆ. 2025ರ ಮಾರ್ಚ್‌ನಲ್ಲಿ ಅದು ನಮ್ಮ ದೇಶಕ್ಕೆ ಬಂತು. ಆಗ ಆರಂಭದ ಪ್ರಮಾಣಕ್ಕೆ ತಿಂಗಳಿಗೆ 14,000, ಮುಂದಿನ ಪ್ರಮಾಣಕ್ಕೆ 17,500 ರೂಪಾಯಿ ಆಗುತ್ತಿತ್ತು. ನನ್ನ ಪಿಂಚಣಿಯಲ್ಲಿ ಇದು ಸಣ್ಣ ಮೊತ್ತವಲ್ಲ. ಕರೆಂಟಿಲ್ಲದ ದಿನಗಳಲ್ಲಿ ಔಷಧವನ್ನು ತಂಪಾಗಿಡಲು ಐಸ್ ಪೆಟ್ಟಿಗೆಗೆ 1,100. ಆದರೆ ಒಂದು ಕಡಂಬುಟ್ಟು (ಅಕ್ಕಿತರಿಯ ಹಬೆ ಉಂಡೆ) ತಿಂದು ಸಾಕೆಂದು ತಟ್ಟೆಯನ್ನು ಸರಿಸಿದ ದಿನವನ್ನು ನಾನು ಮರೆಯಲಾರೆ. ಮೊದಲ ವಾರಗಳಲ್ಲಿ ವಾಕರಿಕೆ, ಮಲಬದ್ಧತೆ ಇದ್ದವು. ಹಣದ ಕಾರಣ ನಿಲ್ಲಿಸಿದೆ, ಹಸಿವು ಹಳೆಯ ಬಲದಲ್ಲಿಯೇ ಮರಳಿತು. ಇದೇ ಬಗೆಯ ಸೆಮಗ್ಲುಟೈಡ್ ನಿಲ್ಲಿಸಿದವರಲ್ಲಿಯೂ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಹಿಂದಕ್ಕೆ ಬಂದದ್ದು ದಾಖಲಾಗಿದೆ. ಆದರೂ ಅದನ್ನು ತೆಗೆದುಕೊಂಡದ್ದಕ್ಕೆ ನನಗೆ ವಿಷಾದವಿಲ್ಲ.

ವಿರಾಜಪೇಟೆ ಬಳಿಯ ಕಾಫಿ ಬೆಳೆಗಾರ

ಸುಬೇದಾರರೇ, ಚುಚ್ಚುಮದ್ದಿನಿಂದ ಹಸಿವನ್ನು ಮುಚ್ಚಿದ್ದನ್ನು ಊಟದ ಅನುಭವವೆಂದು ಇಲ್ಲಿ ಬರೆಯುವುದು ಸರಿಯಲ್ಲ. ಅವರು ಕೇಳಿದ್ದು ತಟ್ಟೆಯಲ್ಲಿ ಏನಿರಬೇಕೆಂದು. ಬಾಯಿ ಕಟ್ಟಿ, ಬೆಳಗ್ಗೆ ನಡೆದು ತೂಕ ಇಳಿಸಿದವರ ಶ್ರಮಕ್ಕೆ ಇದರಿಂದ ಅವಮಾನವಾಗುತ್ತದೆ.

ಮಡಿಕೇರಿಯ ನಿವೃತ್ತ ಸುಬೇದಾರ್

ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರನ್ನು ನೀವು ಹೀಗೆ ಕೇಳುತ್ತೀರಾ? ನಿಮ್ಮ ಶ್ರಮವನ್ನು ನಾನು ಕಡಿಮೆ ಮಾಡಿಲ್ಲ. ನಿಮಗೆ ಮೂರು ಮೊಟ್ಟೆಯಲ್ಲಿ ಅಡಗುವ ಹಸಿವು ನನಗೆ ಅಡಗಲಿಲ್ಲ. ಅದು ನಿಮ್ಮ ಸಾಧನೆಯೂ ಅಲ್ಲ, ನನ್ನ ಸೋಲೂ ಅಲ್ಲ. ನನ್ನ ದೇಹದ ಬಗ್ಗೆ ತೀರ್ಪು ಕೊಡುವ ಅಧಿಕಾರವನ್ನು ನಿಮಗೆ ಯಾರೂ ಕೊಟ್ಟಿಲ್ಲ.

ಪೊನ್ನಂಪೇಟೆಯ ಗೃಹಿಣಿ

ಜಗಳವಾಡುತ್ತಿರುವ ಅಣ್ಣಂದಿರಿಬ್ಬರೂ ಮನೆಯ ಮದ್ದನ್ನು ಮರೆತಿದ್ದೀರಿ. ಕಾಚಂಪುಳಿಯನ್ನು (ಪಣಪುಳಿ ಹಣ್ಣಿನಿಂದ ಮಾಡುವ ಕಪ್ಪು ಹುಳಿ) ಅರ್ಧ ಚಮಚದಷ್ಟು ಬಿಸಿನೀರಿನಲ್ಲಿ ಬೆರೆಸಿ ಊಟಕ್ಕೆ ಮೊದಲು ಕುಡಿದರೆ ಹಸಿವು ತಾನಾಗಿಯೇ ತಗ್ಗುತ್ತದೆ, ಕೊಬ್ಬೂ ಕರಗುತ್ತದೆ. ಅದರ ಸಾರವನ್ನೇ ಹೊರದೇಶಗಳಲ್ಲಿ ಮಾತ್ರೆಯಾಗಿ ಮಾರುತ್ತಾರೆ. ನಾನು ಬಾಟಲಿಗೆ 600 ರೂಪಾಯಿ ಕೊಟ್ಟು ಮನೆಯಲ್ಲಿ ಮಾಡುವವರಿಂದಲೇ ತರುತ್ತೇನೆ, ಅಂಗಡಿಯದ್ದರಲ್ಲಿ ಬೆರಕೆಯಿರುತ್ತದೆ. ನನಗೆ ಇದರಿಂದ ಬಹಳ ಪ್ರಯೋಜನವಾಗಿದೆ.

ಗೋಣಿಕೊಪ್ಪಲಿನ ಔಷಧ ಅಂಗಡಿಯವರು

ಇದನ್ನು ಓದಿಯೂ ಸುಮ್ಮನಿರಲಾರೆ. ಪಣಪುಳಿಯ ಹಣ್ಣಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ, ಅದರ ಸಾರದ ಮಾತ್ರೆಗಳಿವೆ, ಇಷ್ಟು ನಿಜ. ಆ ಮಾತ್ರೆಗಳನ್ನು 135 ಮಂದಿಯ ಮೇಲೆ 12 ವಾರ ಪರೀಕ್ಷಿಸಿ, ಔಷಧವಿಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನವೇನೂ ಇಲ್ಲವೆಂದು 1998ರಲ್ಲಿಯೇ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಥ ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ನನ್ನ ಅಂಗಡಿಗೆ ಬಂದು ಕೇಳಿದವರಿಗೆ ನಾನು ಮಾರಿಲ್ಲ, ನಷ್ಟವಾದರೂ ಚಿಂತೆಯಿಲ್ಲ. ಕಾಚಂಪುಳಿ ಇರಬೇಕಾದದ್ದು ಕರಿಯಲ್ಲಿ. ಖಾಲಿ ಹೊಟ್ಟೆಗೆ ಅಷ್ಟು ಹುಳಿಯನ್ನು ಸುರಿದುಕೊಂಡು ಎದೆಯುರಿಯೊಂದಿಗೆ ಮಾತ್ರೆ ಕೇಳಲು ಬರುವವರನ್ನು ನಾನು ನೋಡುತ್ತಲೇ ಇದ್ದೇನೆ. ಎದೆಯುರಿಯಿಂದ ಊಟ ಸೇರದಿದ್ದರೆ ಅದನ್ನು ಹಸಿವು ತಗ್ಗಿತು ಎನ್ನಲಾಗದು.

ಪೊನ್ನಂಪೇಟೆಯ ಗೃಹಿಣಿ

ನಾನು ಮಾತ್ರೆಯ ಮಾತನ್ನು ಉದಾಹರಣೆಗಷ್ಟೇ ಹೇಳಿದ್ದು. ನಮ್ಮ ಹಿರಿಯರು ತಲೆಮಾರುಗಳಿಂದ ಬಳಸಿದ ಪದಾರ್ಥವನ್ನು ಅಮೆರಿಕದ ಪರೀಕ್ಷೆಯಿಂದ ಅಳೆಯಬೇಡಿ. ನನಗೆ ಎದೆಯುರಿ ಬಂದಿಲ್ಲ.

ಗೋಣಿಕೊಪ್ಪಲಿನ ಔಷಧ ಅಂಗಡಿಯವರು

ಹಿರಿಯರು ಅದನ್ನು ಬಳಸಿದ್ದು ಮಾಂಸಕ್ಕೆ ಹುಳಿ ಮತ್ತು ಕಪ್ಪು ಬಣ್ಣ ಬರಲೆಂದು, ಮಾಂಸ ಕೆಡದಿರಲೆಂದು. ತೂಕ ಇಳಿಸಲು ಬಳಸಿದರೆಂದು ಯಾವ ಹಿರಿಯರೂ ನನಗೆ ಹೇಳಿಲ್ಲ.

ಸಿದ್ದಾಪುರದ ಲಾರಿ ಮಾಲೀಕ

ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಸೂಪು ಮೊಟ್ಟೆಗಳ ಮಾತಿಗಿಂತ ಮೊದಲು ನನ್ನದನ್ನು ಓದಿ. ನಾನು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದೆ. ಆಹಾರ ಸಲಹೆಗಾರರೊಬ್ಬರು 1,200 ಕ್ಯಾಲೊರಿಯ ಪಟ್ಟಿಯನ್ನು ಕೊಟ್ಟರು, 2,500 ರೂಪಾಯಿ ಶುಲ್ಕ ಪಡೆದರು, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಲಿಲ್ಲ. ಊಟ ಇಳಿಯಿತು, ಮಾತ್ರೆಯ ಪ್ರಮಾಣ ಹಾಗೆಯೇ ಉಳಿಯಿತು. ರಾತ್ರಿ ಬೆವರು, ನಡುಕ, ಮಾತು ತೊದಲುವುದು. ಮಗ ಪರೀಕ್ಷಿಸಿದಾಗ ಸಕ್ಕರೆ 52ಕ್ಕೆ ಕುಸಿದಿತ್ತು. ಬೆಲ್ಲದ ನೀರು ಕುಡಿಸಿ, ಮಳೆಯಲ್ಲಿ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಒಂದು ದಿನಕ್ಕೆ 6,300. ಅನಂತರ ವೈದ್ಯರು ಮಾತ್ರೆಯನ್ನು ಬದಲಿಸಿದರು. ಎಲ್ಲ ನಡುಕವೂ ಸಾಮಾನ್ಯ ಹಸಿವಲ್ಲ.

ಹೊಟ್ಟೆ ತುಂಬುವ ಬಗ್ಗೆ ಹೇಳುವುದಾದರೆ ನನಗೆ ಒದಗಿದ್ದು ಬೇಯಿಸಿದ ಆಲೂಗಡ್ಡೆ. ನಗಬೇಡಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ 38 ಬಗೆಯ ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ತಿನ್ನಿಸಿ, ಎರಡು ಗಂಟೆಯವರೆಗೆ ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಕೇಳಿದರು. ಬಿಳಿ ಬ್ರೆಡ್ಡಿಗೆ 100 ಅಂಕವಾದರೆ ಬೇಯಿಸಿದ ಆಲೂಗಡ್ಡೆಗೆ 323, ಬೆಣ್ಣೆಯ ಪದರಗಳ ಕ್ರೋಸಾಂಗೆ 47. ಎಣ್ಣೆ ತಾಗಿಸದೆ, ಉಪ್ಪು ಮೆಣಸಿನಪುಡಿ ಉದುರಿಸಿ ತಿನ್ನುತ್ತೇನೆ, ಮೆಣಸಂತೂ ನಮ್ಮ ತೋಟದ್ದೇ.

ವಿರಾಜಪೇಟೆ ಬಳಿಯ ಕಾಫಿ ಬೆಳೆಗಾರ

ಸಕ್ಕರೆ ಕಾಯಿಲೆಯವರು ಆಲೂಗಡ್ಡೆಯನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುವುದನ್ನು ಮೊದಲ ಬಾರಿ ನೋಡುತ್ತಿದ್ದೇನೆ.

ಸಿದ್ದಾಪುರದ ಲಾರಿ ಮಾಲೀಕ

ಅನ್ನದ ಮೇಲೆ ಆಲೂಗಡ್ಡೆ ತಿನ್ನುವುದಿಲ್ಲ, ಅನ್ನದ ಬದಲಾಗಿ ತಿನ್ನುತ್ತೇನೆ, ಎರಡು ಗಂಟೆಯ ಬಳಿಕ ಯಂತ್ರದಲ್ಲಿ ಪರೀಕ್ಷಿಸಿಯೇ ಪ್ರಮಾಣವನ್ನು ನಿರ್ಧರಿಸಿದ್ದೇನೆ. ಪರೀಕ್ಷಾ ಪಟ್ಟಿ ಒಂದಕ್ಕೆ 22 ರೂಪಾಯಿ ಕೊಟ್ಟು ಕಲಿತದ್ದನ್ನು ಬರೆಯುತ್ತಿದ್ದೇನೆ. ನೀವು ಪ್ರತಿಯೊಬ್ಬರ ತಟ್ಟೆಗೂ ಕೈ ಹಾಕುತ್ತಿದ್ದೀರಿ.

ನಾಪೋಕ್ಲಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಆದರೆ ನಮ್ಮದು ಎಂಟು ಜನರಿಗೆ ಒಂದೇ ಅಡುಗೆ ಎಂದು ಮೊದಲೇ ಬರೆದಿದ್ದೆ. ನಾನು ಸೂಪಿಗೆ ಬೇರೆ ಒಲೆ ಹಚ್ಚಲಾರೆ, ನೆಣವಿಲ್ಲದ ಮಾಂಸವನ್ನು ಬೇರೆ ತರಿಸಲಾರೆ, ಚುಚ್ಚುಮದ್ದಿಗೆ ಅಷ್ಟು ಹಣ ನನ್ನಲ್ಲಿಲ್ಲ. ಅತ್ತೆಯವರು ಮಾಡಿಟ್ಟ ಕಡಂಬುಟ್ಟು, ಅನ್ನ, ಕರಿ, ಪಲ್ಯಗಳಿಂದಲೇ ನನ್ನ ತಟ್ಟೆಯನ್ನು ಹೇಗೆ ಕಟ್ಟಿಕೊಳ್ಳಬೇಕೆಂದು ಯಾರಾದರೂ ಹೇಳುತ್ತೀರಾ? ಸಿದ್ದಾಪುರದ ಅಣ್ಣನವರ ಎಚ್ಚರಿಕೆಯನ್ನು ಓದಿ ಹೆದರಿದೆ. ನಾನು ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ, ಆದರೂ ಹನ್ನೊಂದು ಗಂಟೆಗೆ ಹಸಿವಾದಾಗ ಒಮ್ಮೆ ಪರೀಕ್ಷಿಸಿಕೊಳ್ಳುತ್ತೇನೆ.

ಭಾಗಮಂಡಲದ ಕಡೆಯ ಗೃಹಿಣಿ

ತಂಗೀ, ನಮ್ಮದೂ ಕೂಡು ಕುಟುಂಬ, ನನ್ನ ಕೈಯಲ್ಲೂ ಒಲೆ ಇರಲಿಲ್ಲ. ಒಂದೇ ಪಾತ್ರೆಯಿಂದ ಬೇರೆ ತಟ್ಟೆ ಕಟ್ಟಲು ಸಾಧ್ಯ. ಮೊದಲು ಅಕ್ಕಿತರಿಯ ಲೆಕ್ಕ ತಿಳಿದುಕೊಳ್ಳಿ. ಬೇಯಿಸುವ ಮೊದಲೇ ತೂಕ ಮಾಡಬೇಕು, ಬೆಂದ ಮೇಲೆ ನೀರಿನ ತೂಕ ಸೇರಿ ಲೆಕ್ಕ ಕೆಡುತ್ತದೆ. 100 ಗ್ರಾಂ ತರಿಯಲ್ಲಿ ನಮ್ಮ ಮನೆಯ ಅಳತೆಗೆ ಆರು ಉಂಡೆ ಕಡಂಬುಟ್ಟು ಆಗುತ್ತದೆ, ಅಂದರೆ ಉಂಡೆಗೆ ಅರುವತ್ತರ ಒಳಗೆ ಕ್ಯಾಲೊರಿ. ಹಬೆಯಲ್ಲಿ ಬೇಯುವುದರಿಂದ ಎಣ್ಣೆಯಿಲ್ಲ. ಅದೇ ತರಿಯ ಪಾಪುಟ್ಟು ಹಾಗಲ್ಲ, ಅದರಲ್ಲಿ ಹಾಲೂ ಕಾಯಿತುರಿಯೂ ಇರುತ್ತವೆ. ಹಸಿ ಕಾಯಿತುರಿಗೆ 100 ಗ್ರಾಮಿಗೆ 350 ಕ್ಯಾಲೊರಿ. ನಾನು ಎರಡು ಅಥವಾ ಮೂರು ಕಡಂಬುಟ್ಟು ಮೊದಲೇ ಎತ್ತಿಟ್ಟುಕೊಳ್ಳುತ್ತಿದ್ದೆ, ಎರಡನೆಯ ಬಾರಿ ಬಡಿಸುವಾಗ ಪಲ್ಯವನ್ನು ಮಾತ್ರ ಹಾಕಿಸಿಕೊಳ್ಳುತ್ತಿದ್ದೆ. ಮನೆಯ ಹಿರಿಯರಿಗೆ ಎರಡನೆಯ ಬಾರಿ ಬಡಿಸಿದರೆ ಸಮಾಧಾನ, ಏನು ಬಡಿಸಿದೆವೆಂದು ಅವರು ನೋಡುವುದಿಲ್ಲ.

ಮಾಂಸದ ತುಂಡುಗಳನ್ನು ಸೌಟಿನಿಂದ ಎತ್ತಿ, ಪಾತ್ರೆಯ ಅಂಚಿಗೆ ಒತ್ತಿ ಸಾರನ್ನು ಇಳಿಸಿ ಬಡಿಸಿಕೊಳ್ಳಿ, ಎಣ್ಣೆಯಿರುವುದು ಆ ಸಾರಿನ ಮೇಲೆಯೇ. ತಿನ್ನುವ ಕ್ರಮವೂ ಮುಖ್ಯ: ಮೊದಲು ಪಲ್ಯ, ಆಮೇಲೆ ಮಾಂಸ ಅಥವಾ ಕಾಳು, ಕೊನೆಗೆ ಕಡಂಬುಟ್ಟು. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಇಪ್ಪತ್ತು ನಿಮಿಷ ಬೇಕಾಗುತ್ತದೆ, ಮಕ್ಕಳೊಂದಿಗೆ ಮಾತನಾಡುತ್ತ ನಿಧಾನವಾಗಿ ಉಣ್ಣಿ. ಕಚೇರಿಗೆ ಹೋಗುವ ಬೆಳಗ್ಗೆ ಅಕ್ಕಿಒತ್ತಿ ಒಂದು ಸಾಕು, ಅದರೊಂದಿಗೆ ಮೊಟ್ಟೆ. ಇದರಲ್ಲಿ ವಿರಾಜಪೇಟೆಯ ಅಣ್ಣನವರ ಮಾತು ಸರಿ, ಮೊಟ್ಟೆ ಬೇಯಿಸಲು ಬೇರೆ ಒಲೆ ಬೇಕಿಲ್ಲ, ಅನ್ನದ ನೀರಿನಲ್ಲಿಯೇ ಬೇಯುತ್ತದೆ. ಸಂಜೆಯ ಹಸಿವಿಗೆ ಹಿಂದಿನ ರಾತ್ರಿ ನೆನೆಹಾಕಿದ ಹೆಸರುಕಾಳಿನ ಉಸ್ಲಿಯನ್ನು ಡಬ್ಬಿಯಲ್ಲಿ ಒಯ್ಯಿರಿ.

ಇನ್ನೊಂದನ್ನು ಯಾರೂ ಬರೆಯಲಿಲ್ಲ. ಮಳೆಗಾಲದಲ್ಲಿ ನಾವು ಕುಡಿಯುವ ಬೆಲ್ಲದ ಕಾಫಿ. ಲೋಟಕ್ಕೆ 20 ಗ್ರಾಂ ಬೆಲ್ಲ ಬಿದ್ದರೆ ಸುಮಾರು 75 ಕ್ಯಾಲೊರಿ, ನಾಲ್ಕು ಲೋಟಕ್ಕೆ 300. ಅಷ್ಟು ಕ್ಯಾಲೊರಿಯಲ್ಲಿ ಐದು ಕಡಂಬುಟ್ಟು ತಿನ್ನಬಹುದು. ನಾನು ಬೆಲ್ಲವಿಲ್ಲದ ಕಾಫಿಗೆ ಬಂದೆ, ಉಳಿದ ಕ್ಯಾಲೊರಿಯನ್ನು ರಾತ್ರಿಯ ಊಟಕ್ಕೆ ಸೇರಿಸಿದೆ, ರಾತ್ರಿ ಎಚ್ಚರವಾಗುವುದು ಅಲ್ಲಿಗೆ ನಿಂತಿತು. ಹಗಲಿನಲ್ಲೆಲ್ಲ ಬಿಗಿ ಹಿಡಿದು ರಾತ್ರಿ ಒಂದು ಕಡಂಬುಟ್ಟಿಗೆ ಮಲಗುವ ಪದ್ಧತಿಯನ್ನು ಬಿಡಿ.

ಸೋಮವಾರಪೇಟೆಯ ನಿವೃತ್ತ ಶಿಕ್ಷಕಿ

ಇವರ ಮಾತು ಸರಿಯಾಗಿದೆ. ಪಲ್ಯಕ್ಕೆ ಕಾಯಿತುರಿ ಹಾಕುವ ಮೊದಲೇ ಒಂದು ಬಟ್ಟಲು ಎತ್ತಿಡಲು ಅತ್ತೆಯವರನ್ನು ಕೇಳಿಕೊಳ್ಳಿ, ಅದಕ್ಕೂ ಬೇರೆ ಪಾತ್ರೆ ಬೇಕಾಗುವುದಿಲ್ಲ.

ವಿರಾಜಪೇಟೆ ಬಳಿಯ ಕಾಫಿ ಬೆಳೆಗಾರ

ಕಾಯಿತುರಿಯಿಲ್ಲದ ಪಲ್ಯವನ್ನು ದಿನವೂ ತಿನ್ನುವವರು ಎಷ್ಟು ಕಾಲ ತಿನ್ನುತ್ತಾರೆ? ರುಚಿ ಹೋದ ಮೇಲೆ ತಟ್ಟೆ ತುಂಬ ತಿಂದರೂ ಮನಸ್ಸು ತುಂಬುವುದಿಲ್ಲ. ಈಗಿನ ಮಳೆಗಾಲಕ್ಕಾದರೆ ಬೈಂಬಳೆ, ಅಂದರೆ ಎಳೆಬಿದಿರಿನ ಕಳಲೆ ಇದೆ. ಕಳಲೆಯಲ್ಲಿ ಕ್ಯಾಲೊರಿ ಬಹಳ ಕಡಿಮೆ, ನಾರು ಹೆಚ್ಚು, ಹುಳಿಖಾರ ಹಾಕಿದರೆ ಮಾಂಸದಷ್ಟೇ ರುಚಿ. ಅದನ್ನು ಮೊದಲೇ ಹೇಳಬೇಕಾಗಿತ್ತು.

ನಾಪೋಕ್ಲಿನಿಂದ, ಪ್ರಶ್ನೆ ಕೇಳಿದವರು

ಭಾಗಮಂಡಲದ ಅಕ್ಕ, ಬೆಲ್ಲದ ಕಾಫಿಯನ್ನು ನಾನು ಅರ್ಧ ಚಮಚ ಬೆಲ್ಲವೆಂದು ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದೆ. ಇಂದು ಅತ್ತೆಯವರು ಹಾಕುವುದನ್ನು ತೂಕ ಮಾಡಿ ನೋಡಿದೆ, ಲೋಟಕ್ಕೆ 18 ಗ್ರಾಂ. ನಾಳೆಯಿಂದ ಬೆಲ್ಲವಿಲ್ಲದೆ ಕುಡಿಯುತ್ತೇನೆ. ಬೈಂಬಳೆ ನಮ್ಮ ಮನೆಯಲ್ಲಿಯೂ ಬಂದಿದೆ, ಹೆಚ್ಚಿದ ದಿನವೇ ಕರಿ ಮಾಡಬಹುದೇ?

ಭಾಗಮಂಡಲದ ಕಡೆಯ ಗೃಹಿಣಿ

ಬೇಡ ತಂಗೀ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಸಣ್ಣಗೆ ಹೆಚ್ಚಿ ನೀರಿನಲ್ಲಿ ಮುಳುಗಿಸಿಡಿ, ಎರಡು ಮೂರು ದಿನ ನೀರನ್ನು ಬದಲಿಸುತ್ತಿರಿ, ಅನಂತರ ಕುದಿಸಿ ಆ ನೀರನ್ನೂ ಚೆಲ್ಲಿ. ಆಮೇಲೆ ಒಗ್ಗರಣೆಗೆ ಒಂದೇ ಚಮಚ ಎಣ್ಣೆ ಸಾಕು.